ಬಿಳಿ ಅಂಗಿಯ ಪಾಳಿ

ಶಾಲೆಯ ಊಟದ ಸಾಲಿನ ಮುಂದೆ ಕಾಯೊ ಸೌಟು ಎತ್ತಿ ಹಿಡಿದಿದ್ದಳು. ಸೌಟಿನ ತುಂಬ ಬಿಸಿ ಸಾರು. ಎದುರಿಗೆ ನಿಂತ ಹುಡುಗ ಬಟ್ಟಲು ಹಿಂದಕ್ಕೆಳೆದುಕೊಂಡ.

"ನಂಗೆ ಬೇಡ."

ಅವನ ಹಿಂದಿನವಳೂ ಬೇಡವೆಂದಳು. ಅವಳ ಹಿಂದಿನವನು ಮಾತೇ ಆಡಲಿಲ್ಲ. ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿಕೊಂಡು ಮುಂದೆ ಹೋದ. ಸಾಲು ಸರಿಯುತ್ತಲೇ ಇತ್ತು. ಕಾಯೊಳ ಕೈ ನೋಯುತ್ತಿತ್ತು. ಆದರೂ ಅವಳು ಸೌಟು ಇಳಿಸಲಿಲ್ಲ.

ಯುರಿಯ ಸರದಿ ಬಂತು. ಅವಳು ಎಡಗೈಯ ಎರಡು ಬೆರಳನ್ನು ಒಂದರ ಮೇಲೊಂದು ಹೆಣೆದು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ಎಂಗಾಚೊ!"

ಸಾಲಿನಲ್ಲಿದ್ದವರೆಲ್ಲ ಬೆರಳು ಹೆಣೆದರು. ಹೊಲಸು ತುಳಿದವರನ್ನು ಕಂಡರೆ ಮಕ್ಕಳು ಹಾಗೆ ಮಾಡುತ್ತಾರೆ. ಬೆರಳು ಹೆಣೆದವರಿಗೆ ಮೈಲಿಗೆ ಅಂಟುವುದಿಲ್ಲವಂತೆ. ಕಾಯೊ ಏನನ್ನೂ ತುಳಿದಿರಲಿಲ್ಲ. ಅವಳು ಹೊಳೆಯಾಚೆಯ ಕೇರಿಯವಳು, ಅಷ್ಟೇ. ಅವಳ ಅಪ್ಪ ತೊಗಲು ಹದ ಮಾಡುತ್ತಿದ್ದ. ಅವನ ಅಪ್ಪನೂ ಅದನ್ನೇ ಮಾಡಿದ್ದ.

ಯುರಿಯ ಹಿಂದೆ ಸುಮಿಯೆ ನಿಂತಿದ್ದಳು. ಅವಳೂ ಬಟ್ಟಲು ಹಿಂದಕ್ಕೆಳೆದಳು. ಅವಳೂ ಬೆರಳು ಹೆಣೆದಳು. ಕಾಯೊ ಆವರೆಗೆ ಯಾರ ಮುಖವನ್ನೂ ನೋಡಿರಲಿಲ್ಲ. ಸುಮಿಯೆಯ ಮುಖವನ್ನು ಮಾತ್ರ ನೋಡಿದಳು. ಒಂದೇ ಸಲ.

ಒಗಾತಾ ಮೇಷ್ಟ್ರು ಎದ್ದು ಬಂದರು. ಅವರು ಬಹಳ ಒಳ್ಳೆಯವರೆಂದು ಊರೆಲ್ಲ ಹೇಳುತ್ತದೆ. ಯಾರಿಗೂ ಗದರುವವರಲ್ಲ, ಯಾರ ಮನಸ್ಸನ್ನೂ ನೋಯಿಸುವವರಲ್ಲ.

"ಕಾಯೊ, ನೀನು ಹಾಲು ಹಂಚಮ್ಮ," ಎಂದರು ಮೆಲ್ಲಗೆ. "ಬಾಟಲಿಗೆ ಮುಚ್ಚಳ ಇರುತ್ತಲ್ಲ, ಯಾರಿಗೂ ತೊಂದ್ರೆ ಆಗಲ್ಲ. ಸಾರು ಬೇರೆಯವರು ಬಡಿಸ್ಲಿ."

ಮುಚ್ಚಳ ಇರುತ್ತದಂತೆ! ಅಂಥ ಮಾತನ್ನು ಅಷ್ಟು ಮೆತ್ತಗೆ ಹೇಳಲು ಒಳ್ಳೆಯವರಿಗೆ ಮಾತ್ರ ಸಾಧ್ಯ. ಕಾಯೊ ಸೌಟು ಕೆಳಗಿಟ್ಟಳು. ಸೌಟು ಇನ್ನೊಬ್ಬ ಹುಡುಗಿಯ ಕೈಗೆ ಹೋಯಿತು. ಅದೇ ಪಾತ್ರೆ, ಅದೇ ಹಂದಿ ಮಾಂಸದ ಸಾರು. ಮಕ್ಕಳೆಲ್ಲ ಮತ್ತೆ ಸಾಲು ನಿಂತು ಬಟ್ಟಲು ತುಂಬಿಸಿಕೊಂಡರು. ಎಲ್ಲರ ತಟ್ಟೆಯೂ ತುಂಬಿದ ಮೇಲೆ, ಪಾಠದಷ್ಟೇ ಕಟ್ಟುನಿಟ್ಟಾಗಿ, ಒಟ್ಟಿಗೆ ಕೈ ಜೋಡಿಸಿ "ಇತಾದಾಕಿಮಾಸು" ಎಂದು ಹೇಳಿ ಉಣ್ಣತೊಡಗಿದರು. ಅನ್ನ ಕೊಟ್ಟ ಎಲ್ಲರಿಗೂ ಅದು ಕೃತಜ್ಞತೆಯ ಮಾತು. ಹಂದಿಯನ್ನು ಕೊಯ್ದ ಹೊಳೆಯಾಚೆಯವರು ಆ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಸುಮಿಯೆ ಸಾರನ್ನು ಸುಮ್ಮನೆ ಕಲಕುತ್ತ ಕೂತಳು. ಕಾಯೊ ಯಾಕೆ ಹಾಗೆ ನೋಡಿದಳೆಂದು ಆ ತರಗತಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಸುಮಿಯೆಯ ಅಜ್ಜನ ಮನೆ ಇದ್ದದ್ದೂ ಹೊಳೆಯಾಚೆಯೇ. ಕಾಯೊಳ ಮನೆಗೂ ಅಜ್ಜನ ಮನೆಗೂ ನಡುವೆ ಒಂದೇ ಬೇಲಿ. ಸುಮಿಯೆಯ ಅಮ್ಮ ಆ ಕೇರಿಯಲ್ಲೇ ಹುಟ್ಟಿ ಬೆಳೆದವಳು. ಮದುವೆಯಾಗಿ ಹೊಳೆ ದಾಟಿದ ಮೇಲೆ ಹೆಸರಿನ ಜೊತೆ ಊರನ್ನೂ ಬದಲಿಸಿಕೊಂಡಳು. ಅಪ್ಪ ಹಡಗಿನ ಕೆಲಸದವನು, ವರ್ಷದ ಬಹುಪಾಲು ಮನೆಯಲ್ಲೇ ಇರುತ್ತಿರಲಿಲ್ಲ. "ಅಜ್ಜನ ಮನೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಒಸಾಕಾ ಅನ್ನು" ಎಂದು ಅಮ್ಮ ಸುಮಿಯೆಗೆ ಬಾಯಿಪಾಠ ಮಾಡಿಸಿದ್ದಳು. ಹಿರಿಯರ ಹಬ್ಬಕ್ಕೆ ಮಾತ್ರ ಇಬ್ಬರೂ ದೂರದ ಸೇತುವೆ ಸುತ್ತಿ, ಕದ್ದು ಹೋಗಿ ಬರುತ್ತಿದ್ದರು.

ಹೋದ ಬೇಸಿಗೆಯ ಹಬ್ಬದಲ್ಲಿ ಸುಮಿಯೆ ಮತ್ತು ಕಾಯೊ ಬೇಲಿಯ ಪಕ್ಕ ಕೂತು ಒಂದೇ ಕಲ್ಲಂಗಡಿ ತಿಂದಿದ್ದರು. ಬೀಜವನ್ನು ಯಾರು ದೂರ ಉಗುಳುತ್ತಾರೆಂದು ಪಂದ್ಯ ಕಟ್ಟಿದ್ದರು. ಕಾಯೊ ಗೆದ್ದಿದ್ದಳು.

"ಶಾಲೇಲಿ ನಿನ್ನ ಗುರ್ತು ಇಲ್ಲದ ಹಾಗೆ ಇರ್ತೀನಿ ಬಿಡು. ನಿಮ್ಮಮ್ಮ ನಮ್ಮಮ್ಮನ ಹತ್ರ ಕೇಳ್ಕೊಂಡಿದಾರೆ," ಎಂದಿದ್ದಳು.

ಅವಳು ಆ ಮಾತು ಉಳಿಸಿಕೊಂಡಿದ್ದಳು. ತರಗತಿಯವರು ಅವಳ ಬೆಂಚಿನಿಂದ ತಮ್ಮ ಬೆಂಚನ್ನು ದೂರ ಎಳೆದಾಗಲೂ ಉಳಿಸಿಕೊಂಡಳು. ಒಂದು ದಿನ ಮಾತ್ರ ಅವಳು ತಿರುಗಿ ಬಿದ್ದಿದ್ದಳು. "ನಿಮ್ಮ ಬೆನ್ನ ಮೇಲಿರೋ ಚೀಲ ಯಾವುದ್ರದ್ದು? ಅದೂ ತೊಗಲೇ. ನಮ್ಮಪ್ಪನಂಥೋರು ಹದ ಮಾಡಿದ್ದು. ಅದನ್ನ ಹೊತ್ಕೊಂಡು ಬಂದು ನಂಗೆ ಎಂಗಾಚೊ ಅಂತೀರಲ್ಲ, ನಾಚಿಕೆ ಆಗಲ್ವಾ?" ಎಂದು ಕೇಳಿದ್ದಳು. ಮಾರನೆಯ ದಿನ ಅವಳ ಚೀಲ ಶಾಲೆಯ ಹಿಂದಿನ ಕಾಲುವೆಯಲ್ಲಿ ತೇಲುತ್ತಿತ್ತು. ಬ್ಲೇಡಿನಿಂದ ಉದ್ದುದ್ದ ಸೀಳಿದ್ದರು. ಸೀಳುವಾಗ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡವಳು ಸುಮಿಯೆ. ಹಿಡಿದುಕೋ ಎಂದು ಯುರಿ ಹೇಳಿದಳು, ಅವಳು ಹಿಡಿದುಕೊಂಡಳು.

ಆಮೇಲೆ ಕಾಯೊ ಮಾತು ಬಿಟ್ಟಳು. ಶಾಲೆಯಲ್ಲಿ ಉಣ್ಣುವುದನ್ನೂ ಬಿಟ್ಟಳು. ಪಾಠದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂರುತ್ತಿದ್ದಳು. ತನ್ನ ಹುಬ್ಬಿನ ಕೂದಲನ್ನು ಒಂದೊಂದಾಗಿ ಕಿತ್ತು ಪುಸ್ತಕದ ಮೇಲೆ ಸಾಲಾಗಿ ಇಡುತ್ತಿದ್ದಳು. ಎಡಗಣ್ಣಿನ ಮೇಲೆ ಹುಬ್ಬೇ ಉಳಿದಿರಲಿಲ್ಲ. ಅದಕ್ಕೂ ಮಕ್ಕಳು ನಕ್ಕರು. ಸುಮಿಯೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೆಲ್ಲಗೆ ನಕ್ಕರೆ ಯಾರಿಗಾದರೂ ಅನುಮಾನ ಬಂದೀತೆಂದು ಅವಳಿಗೆ ಭಯ.

ಊಟದ ಪಾಳಿಯವರ ಬಿಳಿ ಅಂಗಿ ಶಾಲೆಯದು. ವಾರವಿಡೀ ತೊಟ್ಟವರು ಶುಕ್ರವಾರ ಅದನ್ನು ಮನೆಗೆ ಒಯ್ಯಬೇಕು. ಒಗೆದು, ಇಸ್ತ್ರಿ ಹಾಕಿ, ಸೋಮವಾರ ಮುಂದಿನ ಪಾಳಿಯವರ ಕೈಗೆ ಕೊಡಬೇಕು. ಸಾರು ಬಡಿಸುವವರ ಅಂಗಿ ಆ ವಾರ ಕಾಯೊಳದು. ಅವಳ ನಂತರ ಸುಮಿಯೆಯದು. ಸುಮಿಯೆಯ ನಂತರ ಯುರಿಯದು.

ಸೋಮವಾರ ಬೆಳಿಗ್ಗೆ ಕಾಯೊ ಅಂಗಿ ತಂದಳು. ಮಡಿಸಿದ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಸುಮಿಯೆಯ ಮುಂದೆ ಚಾಚಿದಳು.

ಯುರಿ ಬೆಂಚಿನ ಮೇಲೆ ಹತ್ತಿ ಕೂತಳು.

"ಲೇ ಸುಮಿಯೆ, ಮೂಸಿ ನೋಡೇ. ವಾಸನೆ ಬರುತ್ತಾ ಇಲ್ವಾ ಹೇಳು."

ಸುಮಿಯೆ ಅಂಗಿಯನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ ಬಂತು. ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ ಬಂತು. ಅಷ್ಟೇ. ತೊಗಲಿನ ವಾಸನೆ ಹೇಗಿರುತ್ತದೆಂದು ಆ ಮಕ್ಕಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಮಿಯೆಗೆ ಗೊತ್ತಿತ್ತು. ಅದು ಅವಳ ತಲೆ ನೇವರಿಸುವ ಅಜ್ಜನ ಅಂಗೈ ವಾಸನೆ. ಈ ಅಂಗಿಯಲ್ಲಿ ಅದರ ಸುಳಿವೂ ಇರಲಿಲ್ಲ. ಅಂಗಿಯನ್ನು ಅದೆಷ್ಟು ಸಲ ಉಜ್ಜಿದ್ದಳೋ, ಕಾಯೊಳ ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಹೇಳೇ!" ಎಂದಳು ಯುರಿ.

"ಥೂ," ಎಂದಳು ಸುಮಿಯೆ. "ನಾರುತ್ತೆ! ಸತ್ತ ದನದ ವಾಸನೆ!"

ನೆಲ ಒರೆಸುವ ಬಕೆಟ್ಟು ಬಾಗಿಲ ಬಳಿಯಲ್ಲಿತ್ತು. ಸುಮಿಯೆ ಅಂಗಿಯನ್ನು ಎರಡು ಬೆರಳಲ್ಲಿ ತೂಗಾಡಿಸುತ್ತ ಹೋಗಿ ಆ ಕಪ್ಪು ನೀರಿಗೆ ಹಾಕಿದಳು. ತರಗತಿಯೆಲ್ಲ ನಕ್ಕಿತು. ಕೆಲವರು ಚಪ್ಪಾಳೆ ತಟ್ಟಿದರು.

ಕಾಯೊ ಬಕೆಟ್ಟಿಗೆ ಕೈ ಹಾಕಿ ಅಂಗಿ ಎತ್ತಿದಳು. ಹಿಂಡಿದಳು. ತೊಟ್ಟಿಕ್ಕುವ ಅಂಗಿಯನ್ನು ಎದೆಗವಚಿಕೊಂಡು ಹೊರಗೆ ನಡೆದಳು. ಅಳಲಿಲ್ಲ. ಅತ್ತಿದ್ದರೆ ಸುಮಿಯೆಗೆ ಎಷ್ಟೋ ಹಗುರವಾಗುತ್ತಿತ್ತು.

ಮಂಗಳವಾರ ಕಾಯೊ ತರಗತಿಗೆ ಬರಲಿಲ್ಲ. ಗೇಟಿನವರೆಗೆ ಬಂದು ಅಲ್ಲೇ ವಾಂತಿ ಮಾಡಿಕೊಂಡಳಂತೆ. ನರ್ಸಮ್ಮ ಒಳಗೆ ಕರೆದೊಯ್ದು ಕೆಳಗಿನ ಆರೈಕೆ ಕೋಣೆಯಲ್ಲಿ ಮಲಗಿಸಿದರು. "ಕಾಯೊಗೆ ಹುಷಾರಿಲ್ಲ," ಎಂದರು ಒಗಾತಾ ಮೇಷ್ಟ್ರು. ಸುಮಿಯೆಗೆ ಬೇರೊಂದು ಅಂಗಿ ಕೊಟ್ಟರು. ಸುಮಿಯೆ ಸಾರು ಬಡಿಸಿದಳು. ಎಲ್ಲರೂ ಬಟ್ಟಲು ಚಾಚಿದರು. "ತುಂಬ ಹಾಕೇ," ಎಂದಳು ಯುರಿ. ಕಾಯೊಳ ಕೇರಿಯದೇ ರಕ್ತ ಹರಿಯುವ ಕೈ ಬಡಿಸಿದ ಸಾರನ್ನು ಎಲ್ಲರೂ ಚಪ್ಪರಿಸಿ ಕುಡಿದರು. ಯಾರಿಗೂ ಹೊಟ್ಟೆ ಕೆಡಲಿಲ್ಲ.

ಸುಮಿಯೆಯ ಅಮ್ಮ ಕೆಲಸ ಮಾಡುತ್ತಿದ್ದದ್ದು ಯುರಿಯ ಮನೆಯವರ ಬುತ್ತಿ ಅಂಗಡಿಯಲ್ಲಿ. ಅನ್ನವನ್ನು ಅಂಗೈಯಲ್ಲಿ ಉಂಡೆಯಾಗಿ ಒತ್ತಿ, ಮೀನು ಸುಟ್ಟು, ಡಬ್ಬಿ ಕಟ್ಟುವ ಕೆಲಸ. ಅಂದು ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು.

"ಅಂಗೀಲಿ ಏನು ವಾಸನೆ ಬಂತು?" ಎಂದು ಕೇಳಿದಳು.

ಸುಮಿಯೆ ಬರೆಯುತ್ತಿದ್ದ ಪೆನ್ಸಿಲ್ ಕೆಳಗಿಟ್ಟಳು.

"ಯಾರು ಹೇಳಿದ್ರು?"

"ಏನು ವಾಸನೆ ಬಂತು ಅಂತ ಕೇಳಿದೆ."

"ಸೋಪಿಂದು."

ಅಮ್ಮ ತನ್ನ ಕೈ ನೋಡಿಕೊಂಡಳು.

"ಯುರಿ ಅಮ್ಮ ಗಿರಾಕಿಗಳ ಮುಂದೆ ಹೇಳಿ ನಗ್ತಿದ್ರು. ನಿನ್ನ ಮಗಳ ಮೂಗು ಬಲು ಚುರುಕು ಕಣಮ್ಮ ಅಂತ. ಆಮೇಲೆ ಕೌಂಟರ್ ಕೆಳಗೆ ಹೀಗೆ ಮಾಡಿದ್ರು."

ಅಮ್ಮ ಹೆಬ್ಬೆರಳು ಮಡಿಚಿ ನಾಲ್ಕು ಬೆರಳು ತೋರಿಸಿದಳು. ನಾಲ್ಕು ಬೆರಳೆಂದರೆ ನಾಲ್ಕು ಕಾಲು. ನಾಲ್ಕು ಕಾಲೆಂದರೆ ಪ್ರಾಣಿ. ಹೊಳೆಯಾಚೆಯವರ ಹೆಸರನ್ನು ದೊಡ್ಡವರು ಬಾಯಲ್ಲಿ ಹೇಳುವುದಿಲ್ಲ, ಹಾಗೆ ಬೆರಳಲ್ಲಿ ಹೇಳುತ್ತಾರೆ. ಮಕ್ಕಳು ಎರಡು ಬೆರಳು ಹೆಣೆಯುವುದನ್ನು ಕಲಿಯುವುದು ಈ ನಾಲ್ಕು ಬೆರಳಿಂದಲೇ.

"ನೀನು ಏನಂದೆ ಅಮ್ಮ?"

"ನಕ್ಕೆ," ಎಂದಳು ಅಮ್ಮ. "ನಾನೂ ನಕ್ಕುಬಿಟ್ಟೆ ಕಣೆ. ನಿಮ್ಮಜ್ಜನಂಥೋರಿಗೆ ಬೆರಳು ತೋರಿಸಿದ್ರೂ ನಕ್ಕೆ. ಹದಿಮೂರು ವರ್ಷದಿಂದ ನಗ್ತಾನೇ ಇದೀನಿ. ನಿನಗೆ ಬಯ್ಯೋಕೆ ನನಗೆ ಬಾಯೆಲ್ಲಿದೆ? ನಾನು ಕಲಿಸಿದ್ದನ್ನೇ ನೀನು ಮಾಡಿದೀಯ."

ಅಮ್ಮ ಹೊಡೆದಿದ್ದರೆ ಸುಮಿಯೆ ತಡೆದುಕೊಳ್ಳುತ್ತಿದ್ದಳು. ಅಮ್ಮ ಹೊಡೆಯಲಿಲ್ಲ. ಒಲೆ ಹಚ್ಚಿದಳು, ಅಕ್ಕಿ ತೊಳೆದಳು. ಅಕ್ಕಿ ತೊಳೆಯುತ್ತ ತೊಳೆಯುತ್ತ ಸಿಂಕಿನ ಮುಂದೆ ಕುಸಿದು ಕೂತಳು.

ಬುಧವಾರ ಬುತ್ತಿ ಅಂಗಡಿಗೆ ರಜೆ. ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಅಮ್ಮ ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿ ಸಿಹಿಯ ಡಬ್ಬಿ. ತಪ್ಪೊಪ್ಪಿಕೊಳ್ಳಲು ಹೋಗುವವರು ಬರಿಗೈಯಲ್ಲಿ ಹೋಗುವ ರೂಢಿಯಿಲ್ಲ. ಒಳ್ಳೆಯ ಅಂಗಡಿಯ ಕೆಂಪು ಕಾಳಿನ ಸಿಹಿ, ಮೇಲೆ ಚಂದದ ಕಾಗದ. ಅಂದು ಅವರು ದೂರದ ಸೇತುವೆ ಸುತ್ತಲಿಲ್ಲ. ಹತ್ತಿರದ ಸೇತುವೆಯ ಮೇಲೆಯೇ ನಡೆದರು. ಅಮ್ಮ ಅತ್ತಿತ್ತ ನೋಡುತ್ತಲೇ ಇದ್ದಳು. ಆದರೂ ನಡೆದಳು.

ಕಾಯೊಳ ಅಪ್ಪ ಅಂಗಳದಲ್ಲಿ ಕೆಲಸ ಮಾಡುತ್ತಿದ್ದ. ಮೊಣಕಾಲಿನವರೆಗೆ ರಬ್ಬರ್ ಬೂಟು. ನೆನೆದ ತೊಗಲನ್ನು ತೊಟ್ಟಿಯಿಂದ ಎತ್ತಿ ದಿಮ್ಮಿಯ ಮೇಲೆ ಹಾಸುತ್ತಿದ್ದ. ನೀರು ಕುಡಿದ ತೊಗಲು ಹೆಣಭಾರ. ಎತ್ತುವಾಗ ಅವನ ಕತ್ತಿನ ನರ ಉಬ್ಬುತ್ತಿದ್ದವು. ತೊಗಲು ನೆನೆಸುವ ಸುಣ್ಣಕ್ಕೆ ಬೆರಳಿನ ಉಗುರುಗಳು ಸವೆದಿದ್ದವು. ಅವರನ್ನು ನೋಡಿ ಅವನು ಕೆಲಸ ನಿಲ್ಲಿಸಲಿಲ್ಲ.

"ಅಣ್ಣಾ," ಎಂದಳು ಅಮ್ಮ. ಹುಡುಗಿಯಾಗಿದ್ದಾಗ ಅವನನ್ನು ಹಾಗೆಯೇ ಕರೆಯುತ್ತಿದ್ದಳು. "ಕ್ಷಮೆ ಕೇಳೋಕೆ ಬಂದ್ವಿ." ಸಿಹಿಯ ಡಬ್ಬಿ ಮುಂದಿಟ್ಟು ನೆಲಕ್ಕೆ ಹಣೆ ಮುಟ್ಟುವಂತೆ ಬಾಗಿದಳು.

"ನನಗಲ್ಲ. ಅವಳು ಒಳಗಿದಾಳೆ," ಎಂದ ಅವನು.

ಕಾಯೊ ಹೊರಗೆ ಬಂದಳು. ಮೂರು ದಿನದಲ್ಲಿ ಅವಳ ಮುಖ ಸೊರಗಿತ್ತು. ಎಡ ಹುಬ್ಬಿರಬೇಕಾದಲ್ಲಿ ಕೆಂಪು ಗಾಯ. ಸುಮಿಯೆ ಅಮ್ಮನ ಪಕ್ಕ ಮೊಣಕಾಲೂರಿದಳು.

"ತಪ್ಪಾಯ್ತು ಕಾಯೊ. ಕ್ಷಮಿಸೇ."

"ಎಲ್ಲಿ ಮಾಡಿದೆ?" ಎಂದಳು ಕಾಯೊ.

"ಏನು?"

"ತಪ್ಪು. ಎಲ್ಲಿ ಮಾಡಿದೆ ಅಂತ ಕೇಳ್ತಿದೀನಿ."

"ಕ್ಲಾಸಲ್ಲಿ."

"ಎಲ್ರ ಮುಂದೆ ಮಾಡಿ, ಇಲ್ಲಿ ಬೇಲಿ ಹಿಂದೆ ಬಂದು ಕ್ಷಮಿಸು ಅಂತೀಯಾ? ಇಲ್ಲಿ ಯಾರಿಗೆ ಕೇಳ್ಸುತ್ತೆ? ನಾನು ಕ್ಷಮಿಸಿದ್ರೆ ನಿನಗೆ ಚೆನ್ನಾಗಿ ನಿದ್ದೆ ಬರುತ್ತೆ. ನಂಗೇನು ಬರುತ್ತೆ?"

"ಕಾಯೊ..." ಎಂದಳು ಸುಮಿಯೆಯ ಅಮ್ಮ.

"ನೀವು ಸುಮ್ನಿರಿ ಅತ್ತೆ. ಸಿಹಿ ತಗೊಂಡು ಹೋಗಿ. ನಮಗೆ ಬೇಡ." ಕಾಯೊ ಸುಮಿಯೆಯ ಕಡೆ ತಿರುಗಿದಳು. "ನಾನು ಬಾಯಿ ಬಿಟ್ಟಿದ್ರೆ ಸಾಕಿತ್ತು. ಒಂದು ಮಾತು. ಆ ಬಟ್ಟಲೆಲ್ಲ ನಿನ್ನ ಕಡೆಯಿಂದಾನೂ ಹಿಂದೆ ಹೋಗ್ತಿದ್ವು. ನಾನು ಬಾಯಿ ಬಿಟ್ನಾ? ಚೀಲ ಹರಿದಾಗ ಬಿಟ್ನಾ?"

ಸುಮಿಯೆ ಹಣೆಯನ್ನು ನೆಲಕ್ಕೆ ಒತ್ತಿದಳು.

ಕಾಯೊ ಒಳಗೆ ಹೋಗಿ ಮಡಿಸಿದ ಬಿಳಿ ಅಂಗಿ ತಂದಳು. ಮತ್ತೆ ಒಗೆದಿದ್ದಳು. ಬಕೆಟ್ಟಿನ ಕಪ್ಪು ಕಲೆ ಪೂರ್ತಿ ಹೋಗಿರಲಿಲ್ಲ, ಅಂಚಿನಲ್ಲಿ ಬೂದು ಗೆರೆ ಉಳಿದಿತ್ತು. ಅಂಗಿಯನ್ನು ಸುಮಿಯೆಯ ಮುಂದೆ ಚಾಚಿದಳು. ಈ ಸಲ ಒಂದೇ ಕೈಯಲ್ಲಿ.

"ಈ ವಾರ ಇನ್ನೂ ನಿಂದೇ ಪಾಳಿ. ಹೇಳೋದಿದ್ರೆ ಅಲ್ಲಿ ಹೇಳು. ಇಲ್ಲ ಅಂದ್ರೆ ಇನ್ನೊಂದು ಸಲ ಬಕೆಟ್ಟಿಗೆ ಹಾಕು."

ಹಿಂದಿರುಗುತ್ತ ಅಮ್ಮ ಸೇತುವೆ ದಾಟುವಾಗ ನಿಂತಳು.

"ನೀನು ಹೇಳಿದ್ರೆ ಅಂಗಡಿ ಕೆಲಸ ಹೋಗುತ್ತೆ. ನಾಳೆಯೇ," ಎಂದಳು.

"ಹೇಳ್ಬೇಡ್ವಾ ಅಮ್ಮ?"

ಅಮ್ಮ ಸಿಹಿಯ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆ ಅಂಗಿಯನ್ನು ಸುಮಿಯೆಯ ಕೈಯಿಂದ ತೆಗೆದುಕೊಂಡಳು. ಸೇತುವೆಯ ನಟ್ಟನಡುವೆ, ಹೋಗಿ ಬರುವವರ ಎದುರಿಗೆ, ಮುಖವನ್ನು ಅದರಲ್ಲಿ ಒತ್ತಿ ಉಸಿರೆಳೆದಳು. ಆಮೇಲೆ ಹಿಂದಕ್ಕೆ ಕೊಟ್ಟಳು.

"ಸೋಪು," ಎಂದಳು.

ಗುರುವಾರ. ಸುಮಿಯೆ ಆ ಅಂಗಿಯನ್ನೇ ತೊಟ್ಟು ಸಾರಿನ ಪಾತ್ರೆಯ ಹಿಂದೆ ನಿಂತಳು. ಅಂಚಿನ ಬೂದು ಗೆರೆ ಎಲ್ಲರಿಗೂ ಕಂಡಿತು.

"ಇದ್ಯಾಕೆ ಹಾಕ್ಕೊಂಡೆ?" ಎಂದಳು ಯುರಿ. ಸಾಲಿನಲ್ಲಿ ಅವಳೇ ಮೊದಲನೆಯವಳು. "ನಾರಲ್ವಾ?"

"ನಾರಲ್ಲ." ಸುಮಿಯೆ ಎಲ್ಲರಿಗೂ ಕೇಳುವಂತೆ ದನಿ ಎತ್ತಿದಳು. "ಸೋಮವಾರಾನೂ ನಾರ್ತಿರಲಿಲ್ಲ. ನಾನು ಸುಳ್ಳು ಹೇಳಿದ್ದು. ಸೋಪಿನ ವಾಸನೆ ಬರ್ತಿತ್ತು. ಕಾಯೊಳ ಚೀಲ ಹರಿಯುವಾಗ ಹಿಡ್ಕೊಂಡಿದ್ದು ನಾನು. ಯುರಿ ಹರಿದಳು, ನಾನು ಹಿಡ್ಕೊಂಡೆ."

"ಏನೇ ಇದು, ತಲೆ ಕೆಟ್ಟಿದೆಯಾ?"

"ಇನ್ನೊಂದು. ನಮ್ಮಜ್ಜನ ಮನೆ ಒಸಾಕಾದಲ್ಲಿಲ್ಲ. ಹೊಳೆಯಾಚೆ. ನಮ್ಮಜ್ಜ ತೊಗಲು ಹದ ಮಾಡ್ತಾರೆ. ನಮ್ಮಮ್ಮನೂ ಅಲ್ಲಿಯವಳೇ. ನಿಮ್ಮ ಅಂಗಡೀಲಿ ಅನ್ನ ಒತ್ತೋದು ಆ ಕೈಯೇ. ಮೊನ್ನೆಯಿಂದ ನಿಮಗೆ ಸಾರು ಹಾಕಿದ್ದು ಈ ಕೈ. ಕುಡಿದ್ರಲ್ಲ? ಏನಾಯ್ತು?"

ಸುಮಿಯೆ ಸೌಟು ತುಂಬಿ ಎತ್ತಿದಳು.

ಯುರಿಯ ಬಟ್ಟಲು ಹಿಂದಕ್ಕೆ ಹೋಯಿತು. ಅವಳ ಹಿಂದಿನದೂ ಹೋಯಿತು. ಅದರ ಹಿಂದಿನದೂ. ಬೆರಳುಗಳು ಒಂದೊಂದಾಗಿ ಹೆಣೆದುಕೊಂಡವು. ಆ ದಿನ ಇದೇ ಸೌಟು ಹಿಡಿದ ಕಾಯೊಗೆ ಎಲ್ಲಿ ನೋವಾಗಿತ್ತೆಂದು ಸುಮಿಯೆಗೆ ಆಗ ಗೊತ್ತಾಯಿತು. ಮೊದಲು ಮಣಿಕಟ್ಟಿನಲ್ಲಿ, ಆಮೇಲೆ ಮೊಣಕೈಯಲ್ಲಿ, ಆಮೇಲೆ ಹೊಟ್ಟೆಯಲ್ಲಿ.

ಒಗಾತಾ ಮೇಷ್ಟ್ರು ಎದ್ದು ಬಂದರು.

"ಸುಮಿಯೆ, ನೀನು ಹಾಲು ಹಂಚಮ್ಮ."

"ಹಂಚಲ್ಲ ಮೇಷ್ಟ್ರೇ. ಸಾರು ನನ್ನ ಪಾಳಿ."

"ಜಗಳ ಬೇಡಮ್ಮ. ಎಲ್ರೂ ಹಸ್ಕೊಂಡಿದಾರೆ."

"ಕಾಯೊ ಹಸ್ಕೊಂಡು ಎಷ್ಟು ದಿನ ಆಯ್ತು ಮೇಷ್ಟ್ರೇ? ಆವಾಗ ನೀವು ಉಂಡ್ರಲ್ಲ?"

ಮೇಷ್ಟ್ರ ಮುಖ ಕಪ್ಪಿಟ್ಟಿತು. ಎಲ್ಲರಿಗೂ ಸಾರು ಬೀಳದೆ ಯಾರೂ ಕೈ ಜೋಡಿಸುವಂತಿಲ್ಲ, ಕೈ ಜೋಡಿಸದೆ ಯಾರೂ ತಿನ್ನುವಂತಿಲ್ಲ. ಮಕ್ಕಳು ಬ್ರೆಡ್ಡು ನೋಡುತ್ತ ಕೂತರು. ಸುಮಿಯೆ ಸೌಟು ಬಿಡಲಿಲ್ಲ. ಸಾರಿನ ಮೇಲೆ ಕೊಬ್ಬಿನ ಕೆನೆ ಕಟ್ಟತೊಡಗಿತು.

ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇವತ್ತು ಸಾರಿಲ್ಲದೆಯೇ ಉಣ್ಣೋಣ," ಎಂದು ಕೈ ಜೋಡಿಸಿದರು. ಮಕ್ಕಳೆಲ್ಲ ಜೋಡಿಸಿದರು. "ಇತಾದಾಕಿಮಾಸು."

ಅಲ್ಲಿಗೆ ಮುಗಿಯಿತು. ಒಂದೇ ಒಂದು ಬಟ್ಟಲೂ ಮುಂದೆ ಬರಲಿಲ್ಲ.

ಸುಮಿಯೆ ಪಾತ್ರೆಯ ಎರಡೂ ಹಿಡಿಕೆ ಹಿಡಿದಳು. ಇಬ್ಬರು ಹೊರುವ ಪಾತ್ರೆ. ಹೊಟ್ಟೆಗೆ ಆನಿಸಿಕೊಂಡು ಎತ್ತಿದಳು. ಎರಡು ಹೆಜ್ಜೆಗೊಮ್ಮೆ ಇಳಿಸಿ, ಮತ್ತೆ ಎತ್ತಿ, ಮೆಟ್ಟಿಲಿಳಿದಳು. ಸಾರು ತುಳುಕಿ ಅಂಗಿಯ ಮುಂಭಾಗವೆಲ್ಲ ತೊಯ್ದಿತು. ತೊಡೆಗೆ ಜಿಡ್ಡು ಅಂಟಿತು. ಆರೈಕೆ ಕೋಣೆಯ ಬಾಗಿಲನ್ನು ಕಾಲಲ್ಲಿ ಸರಿಸಿದಳು.

ಅಂದೂ ತರಗತಿಗೆ ಬಾರದ ಕಾಯೊ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಪಾತ್ರೆಯೊಳಗೆ ಇಣುಕಿದಳು.

"ಹೇಳಿದ್ಯಾ?"

"ಹೇಳಿದೆ."

"ಯಾರಾದ್ರೂ ತಗೊಂಡ್ರಾ?"

"ಇಲ್ಲ."

ಸುಮಿಯೆಗೆ ಅಳು ಒತ್ತರಿಸಿ ಬಂತು. ನುಂಗಿಕೊಂಡಳು. ಇಲ್ಲಿ ಅಳುವ ಹಕ್ಕು ತನ್ನದಲ್ಲ ಎನ್ನಿಸಿತು. ಮೇಲೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಇಷ್ಟು ಹೊತ್ತಿಗೆ ಯುರಿ ಮನೆಗೆ ಫೋನ್ ಮಾಡಿರಬಹುದು. ಇಷ್ಟು ಹೊತ್ತಿಗೆ ಅಮ್ಮ ಅಂಗಡಿಯ ಏಪ್ರನ್ ಬಿಚ್ಚುತ್ತಿರಬಹುದು.

ಕಾಯೊ ನರ್ಸಮ್ಮನ ಮೇಜಿನಿಂದ ಬಟ್ಟಲು ತೆಗೆದುಕೊಂಡು ಚಾಚಿದಳು.

"ಕ್ಷಮಿಸಿದೀನಿ ಅಂದ್ಕೋಬೇಡ," ಎಂದಳು. "ನಂಗೆ ಹಸಿವಾಗಿದೆ. ಹಾಕು."

ಸುಮಿಯೆ ಹಾಕಿದಳು. ಕಾಯೊ ಆರಿದ ಸಾರನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಮೊದಲು ಗುಟುಕು ಗುಟುಕಾಗಿ, ಆಮೇಲೆ ಗಟಗಟ. ಮತ್ತೆ ಚಾಚಿದಳು. ಸುಮಿಯೆ ಮತ್ತೆ ಹಾಕಿದಳು. ಬಟ್ಟಲು ಬರಿದಾದ ಮೇಲೆ ಕಾಯೊ ಬಾಯಿ ಒರೆಸಿಕೊಂಡು ಸುಮಿಯೆಯ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಸಾರಿನ ಕಲೆ, ಕೊಬ್ಬಿನ ಕಲೆ, ಅಂಚಿನ ಬೂದು ಗೆರೆ.

"ನಾಳೆ ಶುಕ್ರವಾರ ಅಲ್ವಾ?"

"ಹೂಂ."

"ಮನೆಗೆ ತಗೊಂಡು ಹೋಗ್ತೀಯ."

"ಹೂಂ."

"ನಿನ್ನಾದ್ಮೇಲೆ ಯಾರದು ಪಾಳಿ?"

"ಯುರಿದು."

ಕಾಯೊ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಚೆನ್ನಾಗಿ ಒಗೆದು ಕೊಡು," ಎಂದಳು. "ಕೊಡೋವಾಗ ನಾನೂ ಅಲ್ಲಿ ಇರ್ತೀನಿ."